ಭಾವನ ಹೆಸರು ಕೂಗಿದ ದಿನ

ಲುಗಾನ್‌ವಿಲ್, ಸಾಂಟೊ
ಏಪ್ರಿಲ್ ೧೪, ೨೦೧೮

ನನ್ನ ಮಗಳ ಸೋದರಮಾವನವರಿಗೆ ಪ್ಯಾಟಿಸನ್ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ದೇವರ ದಯೆಯಿಂದ ಕ್ಷೇಮ. ನೀವು, ಮನೆಯವರು, ಮಕ್ಕಳು, ಅಂಗಳದ ಹಂದಿಗಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕಾಗದ ಬರೆದು ಏಳು ವರ್ಷವಾಯಿತು ಎಂದು ನಿಮ್ಮ ತಂಗಿ ರೋವಿನಾ ಹೇಳುತ್ತಾಳೆ. ನಾನು ಐದು ಎನ್ನುತ್ತೇನೆ. ಅವಳೇ ಸರಿಯಿರಬೇಕು, ಈ ಮನೆಯಲ್ಲಿ ಕೊನೆಗೆ ಸರಿಯಾಗುವುದು ಅವಳ ಮಾತೇ. ತಡಕ್ಕೆ ನೆಪಗಳೇನೋ ಬೇಕಾದಷ್ಟಿವೆ. ಒಂದು ವರ್ಷ ಚಂಡಮಾರುತ ಬಂದು ಮಾಡು ಹಾರಿಸಿಕೊಂಡು ಹೋಯಿತು. ಒಂದು ವರ್ಷ ಪೋರ್ಟ್ ವಿಲಾದವರು ತಮ್ಮ ತಂಡಕ್ಕೆ ಕೋಚ್ ಆಗಿ ಎಂದು ಹಾರ ಹಾಕಿ ಕರೆದುಕೊಂಡು ಹೋಗಿ, ಆರೇ ತಿಂಗಳಿಗೆ ಬೈದು ಕಳಿಸಿದರು. ಮತ್ತೊಂದು ವರ್ಷ ನನ್ನ ಬಲಗೈ ಕಿರುಬೆರಳು ಮೂರನೆಯ ಸಲ ಮುರಿಯಿತು; ಈಗ ಅದು ಬಾಗಿಲ ಚಿಲಕದ ಹಾಗೆ ಡೊಂಕಾಗಿದೆ. ಇವೆಲ್ಲ ನಿಜ. ಆದರೂ ನಿಮಗೆ ಬರೆಯಲು ಕೂತರೆ ಕೈ ಓಡುವುದಿಲ್ಲ ಎನ್ನುವುದು ಇವೆಲ್ಲಕ್ಕಿಂತ ನಿಜ. ಬೇರೆಯವರಿಗಾದರೆ ಮೇಲೆ ಹೆಸರು ಬರೆದರೆ ಅರ್ಧ ಕಾಗದ ಮುಗಿದ ಹಾಗೆ. ನಮ್ಮ ಕಟ್ಟಳೆಯಲ್ಲಿ ಹೆಂಡತಿಯ ಅಣ್ಣನ ಹೆಸರನ್ನು ಬಾಯಲ್ಲಿ ತರುವಂತಿಲ್ಲ, ಕೈಯಲ್ಲಿ ಬರೆಯುವಂತಿಲ್ಲ. ಲಕೋಟೆಯ ಮೇಲಿನ ವಿಳಾಸವನ್ನು ಲೆನೆಟ್ ಬರೆಯುತ್ತಾಳೆ. ಈಗಷ್ಟೇ ಬರೆದು ಮುಗಿಸಿ ಹೇಳಿದಳು:

"ಇಡೀ ದೇಶಕ್ಕೇ ಕೇಳ್ಸೋ ಹಾಗೆ ಮಾವನ ಹೆಸರು ಕೂಗಿದೋರಿಗೆ ಒಂದು ಲಕೋಟೆ ಮೇಲೆ ಬರೆಯೋಕಾಗಲ್ವಾ ಅಪ್ಪ?"

"ಒಂದ್ಸಲ ಕೂಗಿದ್ದಕ್ಕೇ ಒಂದು ಹಂದಿ ಹೋಯ್ತು. ಬಾಯ್ಮುಚ್ಕೊಂಡು ಬರಿ" ಎಂದೆ.

ವಿಷಯ ಅವಳದೇ. ಲೆನೆಟ್‌ಗೆ ಮದುವೆ ಗೊತ್ತಾಗಿದೆ. ಹುಡುಗ ಪೆಂಟೆಕೋಸ್ಟ್ ದ್ವೀಪದವನು, ಸೈಲಾಸ್ ಎಂದು ಹೆಸರು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಒಳ್ಳೆಯವನು, ಮಿತಭಾಷಿ, ಅಮಲಿನ ಕಾವಾ ಕುಡಿದರೂ ಎರಡು ಚಿಪ್ಪಿನ ಮೇಲೆ ಹೋಗುವುದಿಲ್ಲ. ಒಂದೇ ಕೊರತೆ, ಫುಟ್‌ಬಾಲ್ ಅಂದರೆ ಏನೂ ತಿಳಿಯದು. ಮೊದಲ ದಿನ ನನ್ನ ಜೊತೆ ಮೈದಾನದಲ್ಲಿ ಕೂತು, ಅರ್ಧ ಆಟ ಮುಗಿದ ಮೇಲೆ ಬಹಳ ಮರ್ಯಾದೆಯಿಂದ, "ಮಾವ, ಆ ಒಬ್ರು ಮಾತ್ರ ಯಾಕೆ ಬೇರೆ ಬಣ್ಣದ ಅಂಗಿ ಹಾಕಿದಾರೆ?" ಎಂದು ಕೇಳಿದ. ಗೋಲ್‌ಕೀಪರನ್ನು ತೋರಿಸಿ! ಮೂವತ್ತೊಂದು ಸಲ ದೇಶದ ಗೋಲು ಕಾಯ್ದವನಿಗೆ, ಅಂಚೆಚೀಟಿಯ ಮೇಲೆ ಮುಖ ಬಂದವನಿಗೆ ಇಂಥ ಅಳಿಯ. ರೋವಿನಾ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ಅಂಚೆಚೀಟಿಯ ವಿಷಯಕ್ಕೂ ಅವಳು ನನ್ನನ್ನು ಬಿಟ್ಟಿಲ್ಲ. "ಜನ ನಿಮ್ಮನ್ನ ಮುಂದಿನಿಂದ ನೋಡ್ತಾರೆ, ಹಿಂದಿನಿಂದ ನೆಕ್ತಾರೆ" ಎನ್ನುತ್ತಾಳೆ.

ಮದುವೆ ಜುಲೈ ಇಪ್ಪತ್ತೊಂದಕ್ಕೆ. ಸೈಲಾಸ್‌ನ ಕಡೆಯವರು ತೆರದ ಕೆಂಪು ಚಾಪೆಗಳನ್ನು ಹೊತ್ತು ದೋಣಿಯಲ್ಲಿ ಬರುತ್ತಾರೆ. ಮಾತುಕತೆಯ ದಿನ ಅವರ ಹಿರಿಯರೊಬ್ಬರು ಎಲ್ಲಕ್ಕಿಂತ ಮೊದಲು ಕೇಳಿದ್ದು ನಿಮ್ಮನ್ನೇ. "ಹುಡುಗಿಯ ಮಾವ ಎಲ್ಲಿದಾರೆ? ಬರ್ತಾರಲ್ಲ?" ನಾನು ತಟ್ಟನೆ "ಬರ್ತಾರೆ" ಎಂದುಬಿಟ್ಟೆ. ರೋವಿನಾ ಎದ್ದು ಒಳಗೆ ಹೋದಳು.

ನಮ್ಮಲ್ಲಿ ಮಕ್ಕಳು ತಾಯಿಯ ಕುಲದವರು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ಅಪ್ಪ, ಅಷ್ಟೆ. ಹೊಸಿಲಿನಿಂದ ಅವಳ ಕೈಹಿಡಿದು ಹೊರಗೆ ಕರೆತರಬೇಕಾದವರು ನೀವು. ಚಾಪೆಯ ಮೇಲೆ ಕೈಯಿಟ್ಟು "ಒಪ್ಪಿದೆ" ಎನ್ನಬೇಕಾದವರು ನೀವು. ನಾನೇ ಕರೆದುಕೊಂಡು ಬಂದರೆ ಬ್ಯಾಂಕ್ಸ್ ದ್ವೀಪಗಳ ನಮ್ಮ ಜನ ಬಾಯಿಗೆ ಕೈ ಅಡ್ಡ ಹಿಡಿದು, ಈ ಹುಡುಗಿಗೆ ತವರೇ ಇಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ನೀವು ಈ ಊರಿನ ಕಡೆ ತಲೆ ಹಾಕಿಲ್ಲ. ಈಗ ಬನ್ನಿ. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೇ ಇಟ್ಟುಕೊಳ್ಳಿ, ಹುಡುಗಿಗಾಗಿ ಬನ್ನಿ.

ಲೆನೆಟ್ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. "ಸಿಟ್ಟು ಯಾಕೆ ಅಂತ ಸರಿಯಾಗಿ ಬರೀರಿ ಅಪ್ಪ. ರೇಡಿಯೋದಲ್ಲಿ ಕೇಳಿದ್ದು ಬಿಟ್ರೆ ನಂಗೂ ಪೂರ್ತಿ ಗೊತ್ತಿಲ್ಲ" ಎನ್ನುತ್ತಿದ್ದಾಳೆ. ನಿಮಗೆ ಗೊತ್ತಿರುವುದನ್ನೇ ಅವಳಿಗಾಗಿ ಬರೆಯುತ್ತೇನೆ, ಹೊಟ್ಟೆಗೆ ಹಾಕಿಕೊಳ್ಳಿ.

ನೋಡಮ್ಮ, ನಿನ್ನ ಮಾವನೂ ನಾನೂ ನಮ್ಮೂರು ಮೋಟಾಲಾವಾದಲ್ಲಿ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ದೀವಿಹಲಸಿನ ಕಾಲದಲ್ಲಿ ಅವರು ಮರ ಹತ್ತಿ ಕೋಲಿನಿಂದ ಕಾಯಿ ಕೀಳೋರು, ನಾನು ಕೆಳಗೆ ನಿಂತು ಹಿಡಿಯೋನು. ನೆಲಕ್ಕೆ ಬಿದ್ದು ಒಡೆದರೆ ಅಜ್ಜಿ ಬೆನ್ನಿಗೆ ಬಿಡುತ್ತಿದ್ದಳು. ಗೋಲ್‌ಕೀಪಿಂಗ್ ಅನ್ನು ನನಗೆ ಯಾವ ಬಿಳಿಯ ಕೋಚೂ ಕಲಿಸಲಿಲ್ಲ, ಆ ಮರ ಕಲಿಸಿತು. ಆಮೇಲೆ ಹುಲ್ಲಿನ ವಿಮಾನಪಟ್ಟಿಯ ಮೇಲೆ ಆಟ. ವಿಮಾನ ಬಂದರೆ ಬಿದಿರಿನ ಗೋಲುಗಂಬ ಕಿತ್ತುಕೊಂಡು ಓಡುತ್ತಿದ್ದೆವು. ಇಬ್ಬರೂ ಒಟ್ಟಿಗೇ ಸಾಂಟೊಗೆ ಬಂದೆವು, ಒಟ್ಟಿಗೇ ದೇಶದ ತಂಡಕ್ಕೆ ಹೋದೆವು. ನನ್ನ ಮುಂದೆ ನಿಲ್ಲುವ ಡಿಫೆಂಡರ್ ಅವರು. ದಿನಕ್ಕೆ ನೂರು ಸಲ ಅವರ ಹೆಸರು ಕೂಗುತ್ತಿದ್ದೆ. ಮೈದಾನದ ಹೊರಗೂ ಅಷ್ಟೆ, ಹಲ್ಲುಜ್ಜುವುದಕ್ಕೂ ಅವರ ಹೆಸರು ಕೂಗಿಯೇ ಏಳುತ್ತಿದ್ದೆ.

ಆಮೇಲೆ ನಿನ್ನ ಅಮ್ಮನನ್ನು ಕೇಳಿ ಮದುವೆಯಾದೆ. ಅವತ್ತಿಗೆ ಅವರು ನನಗೆ ಭಾವ ಆದರು. ಅವರು ಕೂತಿದ್ದರೆ ನಾನು ಎದುರಿಗೆ ಬಗ್ಗಿಯೇ ಹಾಯಬೇಕು. ಅವರ ತಲೆಯ ಮೇಲಿಂದ ಏನನ್ನೂ ತೆಗೆಯುವಂತಿಲ್ಲ. ಚೇಷ್ಟೆ ಮಾತಿಲ್ಲ, ಹೆಸರಿಲ್ಲ. ಮದುವೆಯ ಮಾರನೆಯ ದಿನವೇ ಅಭ್ಯಾಸಕ್ಕೆ ಹೋದಾಗ ನನ್ನ ನಾಲಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆಗಿನ ಕೋಚ್ ತಾನ್ನಾ ದ್ವೀಪದವರು, ಅವರಿಗೆ ನಮ್ಮ ಕಟ್ಟಳೆ ಏನು ಗೊತ್ತು! "ಏನೋ, ಮದ್ವೆಯಾಗ್ತಿದ್ದ ಹಾಗೆ ಮೂಗ ಆಗ್ಬಿಟ್ಯಾ?" ಎಂದು ಬೈದರು. ಕೊನೆಗೆ ನಾವಿಬ್ಬರೂ ಒಂದು ಉಪಾಯ ಮಾಡಿಕೊಂಡೆವು. ನಾನು ಒಂದು ಚಪ್ಪಾಳೆ ತಟ್ಟಿದರೆ ಚೆಂಡು ಬಿಡಬೇಕು, ಅದು ನನ್ನದು. ಎರಡು ತಟ್ಟಿದರೆ ಹೊಡೆದು ಆಚೆ ಕಳಿಸಬೇಕು. ಎಂಟು ವರ್ಷ ಹೀಗೇ ಆಡಿದೆವು, ಒಂದು ದಿನವೂ ತಪ್ಪಲಿಲ್ಲ. ಬೇರೆ ದೇಶದವರು ನಮ್ಮನ್ನು ಮೂಕಜೋಡಿ ಎಂದು ಕರೆಯುತ್ತಿದ್ದರು.

ತೊಂಬತ್ತಾರರಲ್ಲಿ ವಿಲಾದಲ್ಲಿ ದ್ವೀಪಗಳ ಕಪ್‌ನ ಫೈನಲ್, ಎದುರಿಗೆ ಫಿಜಿ. ನಾವು ಒಂದು ಗೋಲು ಮುಂದಿದ್ದೆವು, ಎರಡು ನಿಮಿಷ ಉಳಿದಿತ್ತು. ಹುಚ್ಚು ಮಳೆ. ಎಡಗಡೆಯಿಂದ ಚೆಂಡು ತೇಲಿಕೊಂಡು ಬಂತು. ನಿನ್ನ ಮಾವ ನನಗೆ ಬೆನ್ನು ಮಾಡಿ ನಿಂತಿದ್ದರು. ಚಪ್ಪಾಳೆ ತಟ್ಟಿದೆ. ಒದ್ದೆ ಗ್ಲೌಸ್, ಸದ್ದೇ ಬರಲಿಲ್ಲ. ಅವರು ಹೆಡ್ ಮಾಡಿದ್ದರೆ ಚೆಂಡು ನಮ್ಮದೇ ಗೋಲಿಗೆ ಹೋಗುತ್ತಿತ್ತು. ಬೇರೆ ದಾರಿಯಿರಲಿಲ್ಲ. ಹೆಸರು ಹಿಡಿದು ಕೂಗಿದೆ. ಅವರು ಬಗ್ಗಿದರು, ನಾನು ಹಿಡಿದೆ, ಕಪ್ ಬಂತು. ಗೋಲಿನ ಹಿಂದೆ ರೇಡಿಯೋದವರ ಮೈಕ್ ಇತ್ತು. ನನ್ನ ಕೂಗು ಮೋಟಾಲಾವಾದ ಪ್ರತಿ ಮನೆಗೂ ಹೋಗಿ ಮುಟ್ಟಿತು. ದೇಶವೆಲ್ಲ ಕುಣಿಯುತ್ತಿದ್ದಾಗ ನಮ್ಮೂರಲ್ಲಿ ಮಾತ್ರ ಜನ ರೇಡಿಯೋ ಆರಿಸಿ ನೆಲ ನೋಡುತ್ತ ಕೂತರಂತೆ.

ನಿನ್ನ ಅಮ್ಮ ಆಗ ನಿನ್ನನ್ನು ಹೊತ್ತಿದ್ದಳು, ಎಂಟು ವರ್ಷ ಕಾದ ಮೇಲೆ. ಇಲ್ಲಿ ಲುಗಾನ್‌ವಿಲ್‌ನಲ್ಲಿ ನಮ್ಮ ಹಿರಿಯರು ಪಂಚಾಯಿತಿ ಕೂಡಿಸಿದರು. ಯಾಕೆ ಕೂಗಿದೆ ಎಂದು ಕೇಳಿದರು. ಇದನ್ನೇ ಹೇಳಿದೆ. ಅನಿವಾರ್ಯ ಎಂದು ಒಪ್ಪಿ ಒಂದು ಹಂದಿ, ಹತ್ತು ಚಾಪೆ ದಂಡಕ್ಕೆ ಬಿಟ್ಟರು. ಕಾರಣವಿಲ್ಲದೆ ಕೂಗಿದ್ದರೆ ಊರು ಬಿಡಿಸುತ್ತಿದ್ದರು. ಇಷ್ಟೇ ಕಥೆ ಮಗಳೇ. ಆ ಮುಂದಿನ ತಿಂಗಳು ನಿನ್ನ ಮಾವ ಹಡಗು ಹತ್ತಿ ಊರಿಗೆ ಹೋದವರು ತಿರುಗಿ ಬರಲಿಲ್ಲ.

ಭಾವ, ದಂಡ ಕೊಟ್ಟಿದ್ದೇನೆ, ನೀವು ತೆಗೆದುಕೊಂಡಿದ್ದೀರಿ. ಹಂದಿಯ ಹಗ್ಗ ಕೈಗೆ ತೆಗೆದುಕೊಂಡು ನೀವು "ಆಯ್ತು" ಎಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಸಾಲದು ಎಂದರೆ ಇನ್ನೊಂದು ಹಂದಿ ಕೊಡುತ್ತೇನೆ, ಕೋರೆಹಲ್ಲು ಸುತ್ತಿಕೊಂಡದ್ದೇ ಕೊಡುತ್ತೇನೆ. ಮದುವೆಗೆ ಮಾತ್ರ ಬನ್ನಿ.

ದೇವರು ನಿಮ್ಮನ್ನೂ ನಿಮ್ಮ ತೋಟವನ್ನೂ ಚೆನ್ನಾಗಿಟ್ಟಿರಲಿ.

ನಿಮ್ಮ ತಂಗಿಯ ಗಂಡ,
ಪ್ಯಾಟಿಸನ್


ಲುಗಾನ್‌ವಿಲ್, ಸಾಂಟೊ
ಜೂನ್ ೨೩, ೨೦೧೮

ಲೆನೆಟ್‌ಳ ಮಾವನವರಿಗೆ ನಮಸ್ಕಾರಗಳು.

ನೀವು ಕಳಿಸಿದ ಬುಟ್ಟಿ ಸೋಮವಾರ ತಲುಪಿತು. ಹೊಗೆಯಲ್ಲಿ ಒಣಗಿಸಿದ ಕಾಡುಬಾದಾಮಿ ಒಂದೂ ಕೆಟ್ಟಿರಲಿಲ್ಲ. ರೋವಿನಾ ಬುಟ್ಟಿಯ ಹೆಣಿಗೆ ನೋಡಿಯೇ, "ಇದು ಅಣ್ಣನ ಕೈದೇ" ಎಂದಳು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು. ನಾನು ಎರಡು ಹಿಡಿ ತಿಂದ ಮೇಲೆ ಲೆನೆಟ್ ಕಸಿದುಕೊಂಡು ಮದುವೆಗೆಂದು ಮೇಲಿಟ್ಟಳು. ತಕ್ಷಣ ಬರೆಯಬೇಕಿತ್ತು, ಐದು ದಿನ ತಡವಾಯಿತು. ಕಾರಣ ಮುಂದೆ ಬರೆಯುತ್ತೇನೆ.

ಬುಟ್ಟಿ ತಂದ ಬೇಸಿಲ್‌ನನ್ನು ಕಾವಾ ಕುಡಿಸಲು ಕರೆದುಕೊಂಡು ಹೋಗಿ ವಿಚಾರಿಸಿದೆ. ಹಡಗಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದರೂ ಅವನಿಗೆ ಮಾತನ್ನು ಮೆತ್ತಗೆ ಇಳಿಸುವುದು ಗೊತ್ತಿಲ್ಲ, ಮೂಟೆ ಎಸೆದ ಹಾಗೆ ಎಸೆಯುತ್ತಾನೆ.

"ಕಾಗದ ಓದಿದ್ರಾ?" ಎಂದೆ.

"ಓದಿದ್ರು. ಎರಡ್ಸಲ ಓದಿದ್ರು."

"ಏನಂದ್ರು?"

"ಹುಡುಗಿಗೆ ನನ್ನ ಆಶೀರ್ವಾದ ಹೇಳು ಅಂದ್ರು."

"ಬರ್ತಾರಂತಾ?"

"ಅದನ್ನ ಹೇಳ್ಲಿಲ್ಲ. ನಾನೇ ಬಾಯ್ಬಿಟ್ಟು ಕೇಳ್ದೆ, ಗೋಲ್‌ಕೀಪರ್‌ಗೆ ಏನ್ ಹೇಳ್ಲಿ ಅಂತ. ಅವ್ನು ಗೋಲು ಚೆನ್ನಾಗಿ ಕಾಯ್ಕೊಳ್ತಾನೆ, ಕಾಯ್ಕೊಳ್ಳಿ ಬಿಡು ಅಂದ್ರು."

ಅಷ್ಟಕ್ಕೇ ನಿಲ್ಲಿಸದೆ ಬೇಸಿಲ್ ಇನ್ನೊಂದನ್ನೂ ಹೇಳಿದ. ಹಿಂದೊಮ್ಮೆ ನೀವು ವಿಲಾಗೆ ಹೋಗಲೆಂದು ಅವನ ಹಡಗು ಹತ್ತಿದ್ದಿರಂತೆ, ಆಸ್ಪತ್ರೆಯ ಕೆಲಸಕ್ಕೆ. ಡೆಕ್ಕಿನ ಮೇಲೆ ಕೂತ ಯಾರೋ ಕಾಲೇಜು ಹುಡುಗರು ನಿಮ್ಮ ಗುರುತು ಹಿಡಿದು, "ಇವ್ರೇ ಕಣ್ರೋ, ಸ್ವಂತ ಗೋಲು ಹಾಕೋದ್ರಲ್ಲಿದ್ದೋರು! ಕೀಪರ್ ಬಾಯ್ಬಿಟ್ಟಿದ್ದಕ್ಕೆ ಉಳ್ಕೊಂಡ್ರು" ಎಂದು ನಕ್ಕರಂತೆ. ಅವರ ಜೊತೆ ನೀವೂ ನಕ್ಕು, ಮುಂದಿನ ದ್ವೀಪದಲ್ಲೇ ಇಳಿದು, ವಾಪಸು ಬರುವ ಹಡಗಿಗೆ ಮೂರು ದಿನ ಕಾದು ಊರಿಗೆ ಹೋದಿರಂತೆ. ನನಗೆ ಇದು ಗೊತ್ತಿರಲಿಲ್ಲ. ರೋವಿನಾಗೆ ಗೊತ್ತಿತ್ತಂತೆ. ಈ ಮನೆಯಲ್ಲಿ ನನಗೆ ಗೊತ್ತಿಲ್ಲದ್ದು ಎಷ್ಟಿದೆಯೋ.

ಇನ್ನು ಮೈದಾನದ ಸಮಾಚಾರ. ನಾನೀಗ ನೋಡಿಕೊಳ್ಳುತ್ತಿರುವುದು ಸರಕಾಟಾ ನದಿಯ ಪಕ್ಕದ ಬಡಾವಣೆಯ ತಂಡ. ಒಳ್ಳೆಯ ತಂಡ, ಸ್ವಲ್ಪ ಸೋಮಾರಿಗಳು. ಈ ವರ್ಷ ಹೊಸ ತಲೆನೋವು ಶುರುವಾಗಿದೆ. ನಮ್ಮ ಗೋಲ್‌ಕೀಪರ್ ಜೂಡ್, ಮೂವತ್ತರ ಆಳು, ಪೊಲೀಸ್ ಕಾನ್‌ಸ್ಟೇಬಲ್, ಅವನೂ ನಮ್ಮ ಬ್ಯಾಂಕ್ಸ್ ಕಡೆಯವನೇ. ಈಸ್ಟರ್ ಹಬ್ಬದ ಮೇಲೆ ಮದುವೆಯಾದ. ಯಾರನ್ನು ಅಂದುಕೊಂಡಿರಿ? ತನ್ನ ಮುಂದೆ ನಿಲ್ಲುವ ಡಿಫೆಂಡರನ ತಂಗಿಯನ್ನೇ! ಅಲ್ಲಿಂದೀಚೆಗೆ ಗೋಲಿನ ಮುಂದೆ ಸ್ಮಶಾನಮೌನ. ಮೂರು ಆಟದಲ್ಲಿ ಏಳು ಗೋಲು ತಿಂದೆವು. ಇಬ್ಬರೂ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ನಿಲ್ಲುತ್ತಾರೆ, ಚೆಂಡು ನಡುವೆ ಮೆರವಣಿಗೆಯ ಹಾಗೆ ಹೋಗುತ್ತದೆ.

ಮಂಗಳವಾರ ಅಭ್ಯಾಸ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿಕೊಂಡೆ. ಉಳಿದವರೂ ಸುತ್ತ ಬಂದು ಕೂತರು, ಯಾಕೆಂದರೆ ನಾನು ಯಾವ ಕಥೆ ಹೇಳುತ್ತೇನೆಂದು ಅವರಿಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ, ಶಾಲೆಗಳಲ್ಲಿ, ಸನ್ಮಾನಗಳಲ್ಲಿ, ರೇಡಿಯೋದಲ್ಲಿ. ಮಳೆ, ಗ್ಲೌಸ್, ಸದ್ದು ಮಾಡದ ಚಪ್ಪಾಳೆ, ಆಮೇಲೆ ಕೂಗು. ಎಲ್ಲಿ ತಡೆಯಬೇಕು, ಎಲ್ಲಿ ದನಿ ಏರಿಸಬೇಕು ಎಲ್ಲ ಬಾಯಿಪಾಠ. ಕೊನೆಗೆ, "ಬಾಯಿ ಬಿಡ್ರೋ! ದೇಶಕ್ಕೋಸ್ಕರ ನಾನು ಭಾವನ ಹೆಸರೇ ಕೂಗ್ದೆ, ನಿಮಗೇನು ಧಾಡಿ?" ಎನ್ನುತ್ತೇನೆ. ಆಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೊನ್ನೆಯೂ ತಟ್ಟಿದರು. ಜೂಡ್ ಮಾತ್ರ ತಟ್ಟಲಿಲ್ಲ.

"ಕೋಚ್, ಒಂದ್ ಮಾತು" ಎಂದ. "ನಿಮ್ ಭಾವ ಏನಂದ್ರು?"

"ಯಾವಾಗ?"

"ಆಮೇಲೆ. ಆಟ ಮುಗಿದ್ಮೇಲೆ. ನೀವು ಹೇಳೋದ್ರಲ್ಲಿ ಅವ್ರು ಬಗ್ತಾರೆ, ಅಲ್ಲಿಗೆ ಮುಗಿದುಹೋಗುತ್ತೆ. ಅವ್ರು ಏನಂದ್ರು ಅಂತ ನೀವು ಯಾವತ್ತೂ ಹೇಳಿಲ್ಲ."

ಅವನ ಭಾವ ಎರಡು ಮಾರು ದೂರದಲ್ಲಿ ತಲೆ ತಗ್ಗಿಸಿ ಹುಲ್ಲು ಕೀಳುತ್ತಿದ್ದ. ಇಷ್ಟು ವರ್ಷದಲ್ಲಿ ಯಾವ ಪತ್ರಕರ್ತನೂ ಕೇಳದ ಪ್ರಶ್ನೆ. ನಾನು ಮೂವತ್ತೊಂದು ಸಲ ದೇಶಕ್ಕೆ ಆಡಿದವನು, ಎದುರಿನವರ ಪೆನಾಲ್ಟಿಗೆ ಹೆದರಿದವನಲ್ಲ. "ಹೋಗ್ರೋ, ಕತ್ತಲಾಯ್ತು" ಎಂದು ಎಲ್ಲರನ್ನೂ ಅಟ್ಟಿದೆ. ಇನ್ನೂ ಬಿಸಿಲಿತ್ತು.

ತಡವಾದದ್ದು ಇದರಿಂದ. ಮೂರು ಸಲ ಬರೆಯಲು ಕೂತು ಮೂರು ಸಲವೂ ಬರೀ ಹವಾಮಾನ ಬರೆದು ಹರಿದೆ.

ಮದುವೆಗೆ ಎಲ್ಲ ಸಿದ್ಧವಾಗುತ್ತಿದೆ. ಚರ್ಚಿನಲ್ಲಿ ಹತ್ತು ಗಂಟೆಗೆ. ಆಮೇಲೆ ನಮ್ಮ ಅಂಗಳದಲ್ಲಿ ಊಟ. ಹೆಂಗಸರು ಎಲೆಯಲ್ಲಿ ಸುತ್ತಿ ನಲವತ್ತು ಲಾಪ್‌ಲಾಪ್ ಬೇಯಿಸುತ್ತಾರಂತೆ, ಕಾಯಿಸುವ ಕಲ್ಲು ಈಗಿನಿಂದಲೇ ಹೊರಿಸಿ ತರಿಸುತ್ತಿದ್ದಾರೆ. ನಿಮಗೆ ಕೋಣೆ ಅಣಿಮಾಡಿಟ್ಟಿದ್ದೇವೆ. ಲೆನೆಟ್ ಹೇಳಿದಳು, "ಮಾವ ಬರದಿದ್ರೆ ನಾನು ಒಬ್ಳೇ ಹೊಸಿಲು ದಾಟ್ತೀನಿ. ನೀವು ಕೈ ಹಿಡೀಬೇಡಿ ಅಪ್ಪ." ಸಿಟ್ಟಿನಿಂದ ಹೇಳಿದ್ದಲ್ಲ, ಕೂದಲು ಬಾಚಿಕೊಳ್ಳುತ್ತ ಹೇಳಿದಳು. ಅದಕ್ಕೇ ನನಗೆ ಜಾಸ್ತಿ ಸಂಕಟವಾಯಿತು.

ದೇವರು ನಿಮ್ಮನ್ನು ಕಾಯಲಿ. ಮನೆಯಲ್ಲಿ ಎಲ್ಲರಿಗೂ ನಮ್ಮ ನೆನಪು ತಿಳಿಸಿ. ಹಿರಿಯರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ತಂಗಿಯ ಗಂಡ,
ಪ್ಯಾಟಿಸನ್

ತಾ.ಕ.: ಕಾಗದ ಅಂಟಿಸಿ ಮೇಜಿನ ಮೇಲಿಟ್ಟಿದ್ದೆ. ರೋವಿನಾ ತೆಂಗಿನಕಾಯಿ ತುರಿಯುತ್ತ ಕೂತಿದ್ದವಳು, ತಲೆಯೆತ್ತದೆ ಕೇಳಿದಳು:

"ಎಲ್ಲ ಬರೆದ್ರಾ?"

"ಎಲ್ಲ ಬರೆದೆ. ಬೇಕಾದ್ರೆ ಇನ್ನೊಂದು ಹಂದಿ ಕೊಡ್ತೀನಿ ಅಂತ ಹೋದ ಸಲಾನೇ ಬರೆದಿದ್ದೆ."

"ನಿಮ್ಮ ಹಂದಿ ಹೆಸರು ಕೂಗಿದ್ದಕ್ಕಾಯ್ತು. ಇನ್ನೊಂದಕ್ಕೆ ಏನು ಕೊಟ್ರಿ?"

"ಇನ್ನೊಂದು ಯಾವ್ದೇ?"

"ರೀ, ಅವತ್ತು ಗೋಲಿನ ಹಿಂದೆ ನಿಂತಿದ್ದೋಳು ನಾನು. ರೇಡಿಯೋಗೆ ಕಿವಿ ಮಾತ್ರ ಇತ್ತು. ನಂಗೆ ಕಣ್ಣೂ ಇತ್ತು."

ಇಪ್ಪತ್ತೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇದನ್ನು ಇಟ್ಟುಕೊಂಡಿದ್ದಳು! ಯಾಕೆ ಹೇಳಲಿಲ್ಲ ಎಂದರೆ, "ನೀವೇ ಹೇಳ್ತೀರ ಅಂತ ಕಾದೆ" ಎಂದಳು, ಮತ್ತೆ ತುರಿಯಲು ಶುರುಮಾಡಿದಳು. ಲಕೋಟೆ ಒಡೆದು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ಮುಂದಿನದನ್ನು ಭಾವನಿಗೆ ಬರೆಯಲು ನನ್ನಿಂದಾಗದು, ಅದಕ್ಕೇ ಏಕವಚನಕ್ಕೆ ಇಳಿಯುತ್ತೇನೆ. ಬೇಕಾದರೆ ಇದಕ್ಕೂ ದಂಡ ಹಾಕಿಸು.

ನೀನು ಆಗಲೇ ಬಗ್ಗಿದ್ದೆ.

ಚಪ್ಪಾಳೆ ತಟ್ಟಿದ್ದು ನಿಜ, ಸದ್ದು ಬಾರದ್ದೂ ನಿಜ. ಆದರೆ ನಿನಗೆ ಚಪ್ಪಾಳೆ ಬೇಕಿರಲಿಲ್ಲ. ಆ ಚೆಂಡು ನನ್ನದು ಎಂದು ನಿನಗೆ ಗೊತ್ತಿತ್ತು. ನೀನು ತಲೆ ತಗ್ಗಿಸಿದೆ, ನಿನ್ನ ಹಿಂದಿದ್ದ ಫಿಜಿಯವನನ್ನು ಹೆಗಲಿನಿಂದ ತಡೆದು ನನಗೆ ಜಾಗ ಮಾಡಿಕೊಟ್ಟೆ, ಚೆಂಡು ನಿನ್ನ ಕೂದಲು ಸವರಿಕೊಂಡು ಬಂದು ನನ್ನ ಎದೆಯಲ್ಲಿ ಕೂತಿತು. ಹಿಡಿದದ್ದು ನಾನಾದರೂ ಗೋಲು ಉಳಿಸಿದ್ದು ನೀನು. ನಾನು ಕೂಗಿದ್ದು ಅದೆಲ್ಲ ಆದಮೇಲೆ. ಚೆಂಡು ಅವಚಿಕೊಂಡು ನೋಡಿದರೆ ನೀನು ಹಿಂತಿರುಗಿ ನಕ್ಕೆ. ನಮ್ಮ ಮದುವೆಗೆ ಮುಂಚೆ ನಗುತ್ತಿದ್ದೆಯಲ್ಲ, ಹಾಗೆ, ಎಂಟು ವರ್ಷದಲ್ಲಿ ಮೊದಲ ಸಲ. ಸಂತೋಷ ತಡೆಯಲಾಗಲಿಲ್ಲ. ಹೆಸರು ಬಾಯಿಂದ ಹೊರಟುಹೋಯಿತು. ಯಾವ ಅನಿವಾರ್ಯವೂ ಇರಲಿಲ್ಲ ಮಾರಾಯ.

ಪಂಚಾಯಿತಿಯಲ್ಲಿ ಖುಷಿಗೆ ಕೂಗಿದೆ ಎನ್ನಲು ಧೈರ್ಯ ಬರಲಿಲ್ಲ. ಊರು ಬಿಡಿಸುತ್ತಾರೆ, ಇವಳು ತುಂಬುಗರ್ಭಿಣಿ, ಎಲ್ಲಿಗೆ ಹೋಗಲಿ ಎಂದು ಹೆದರಿ, ನೀನು ಸ್ವಂತ ಗೋಲು ಹಾಕುವುದರಲ್ಲಿದ್ದೆ ಎಂದೆ. ನೀನು ಅಲ್ಲೇ ಚಾಪೆಯ ಮೇಲೆ ಕೂತಿದ್ದೆ. ಒಂದು ಮಾತು ಆಡಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ನೀನು ತಂಗಿಯ ಕಡೆ ನೋಡಿದೆ, "ಆಯ್ತು" ಎಂದೆ. ನಾನು ಒಂದು ದಿನದ ಸುಳ್ಳು ಎಂದುಕೊಂಡಿದ್ದೆ. ಆಮೇಲೆ ರೇಡಿಯೋದವರು ಕೇಳಿದರು, ಶಾಲೆಯವರು ಕೇಳಿದರು, ಅದನ್ನೇ ಪಾಠ ಮಾಡಿಕೊಂಡು ಕೋಚ್ ಆದೆ, ಅದರಿಂದಲೇ ಅನ್ನ ತಿಂದೆ. ನೀನು ಹಡಗಿನಲ್ಲಿ ನಗಿಸಿಕೊಂಡೆ.

ಇವತ್ತು ಸಂಜೆ ಮೈದಾನಕ್ಕೆ ಹೋಗಿ ಜೂಡ್‌ಗೂ ಉಳಿದವರಿಗೂ ಇದನ್ನು ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜೂಡ್ ಎದ್ದು ಹೋಗಿ ತನ್ನ ಭಾವನ ಪಕ್ಕ, ಒಂದು ಮಾರು ಬಿಟ್ಟು, ಕೂತ. ಮದುವೆಯ ದಿನ ಎರಡೂ ಕಡೆಯ ಹಿರಿಯರ ಮುಂದೆ ನಿಂತು ಹೇಳುತ್ತೇನೆ, ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಏನು ದಂಡ ಹಾಕುತ್ತಾರೋ ಹಾಕಲಿ. ರೇಡಿಯೋದವರಿಗೂ ಬರೆದಿದ್ದೇನೆ.

ನಿನ್ನ ತಂಗಿಯನ್ನು ಮದುವೆಯಾದದ್ದಕ್ಕೆ ಒಂದು ದಿನವೂ ಬೇಸರಪಟ್ಟವನಲ್ಲ. ಆದರೆ ಅವಳು ಸಿಕ್ಕ ದಿನವೇ ನೀನು ತಪ್ಪಿಹೋದೆ. ಆಮೇಲೆ ಈ ಜನ್ಮದಲ್ಲಿ ಒಂದೇ ಒಂದು ಸಲ ನಿನ್ನನ್ನು ಬಾಯ್ತುಂಬ ಕರೆದೆ, ಅದನ್ನೂ ಸುಳ್ಳು ಮಾಡಿಬಿಟ್ಟೆ.